ರಟ್ಟಿನ ಡಬ್ಬ: ಅಟ್ಟಕ್ಕೋ, ರದ್ದಿಗೋ?

ಟಿವಿ ಬಂದ ಡಬ್ಬ, ಮಿಕ್ಸಿ ಬಂದ ಡಬ್ಬ, ಅದರೊಳಗೆ ಮಡಚಿಟ್ಟ ಇನ್ನೂ ನಾಲ್ಕು ಡಬ್ಬ. ನಮ್ಮ ಎಷ್ಟೋ ಮನೆಗಳ ಅಟ್ಟದಲ್ಲಿ ಸಾಮಾನಿಗಿಂತ ಸಾಮಾನು ಬಂದ ಡಬ್ಬಗಳೇ ಹೆಚ್ಚು ಜಾಗ ಹಿಡಿದಿರುತ್ತವೆ. ‘ಮನೆ ಬದಲಿಸುವಾಗ ಬೇಕಾಗುತ್ತೆ’ ಎಂಬ ವಾದ ಸುಳ್ಳೇನಲ್ಲ. ಆದರೆ ಆ ಹೊತ್ತಿಗೆ ಡಬ್ಬದಲ್ಲಿ ಎಷ್ಟು ಕಸುವು ಉಳಿದಿರುತ್ತದೆ?

ರಟ್ಟಿನ ಅಂಚನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಅಲೆಯಾಗಿ ಓಡುವ ಮೂರನೆಯದೊಂದು ಹಾಳೆ ಕಾಣುತ್ತದೆ. ಇಂಥ ಸುಕ್ಕುಗಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು ಎತ್ತರದ ಟೋಪಿಗಳ ಒಳಪಟ್ಟಿಗಾಗಿ. ಗಾಜಿನ ಬಾಟಲಿಗಳಿಗೆ ಅದನ್ನು ಸುತ್ತುವ ಯೋಚನೆ 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್‌ಗೆ ಹೊಳೆಯಿತು. ಡಬ್ಬದ ಗೋಡೆಯಲ್ಲಿ ಈ ಅಲೆಗಳು ಸಾಲುಕಂಬಗಳ ಹಾಗೆ ನೆಟ್ಟಗೆ ನಿಂತು ಭಾರ ಹೊರುತ್ತವೆ. ಅದರಲ್ಲೂ ದೊಡ್ಡ ಪಾಲು ಬೀಳುವುದು ನಾಲ್ಕು ಮೂಲೆಗಳ ಮೇಲೆ. ಮೂಲೆ ಜಜ್ಜಿಹೋದ ಡಬ್ಬ ಮಿಕ್ಕಂತೆ ಎಷ್ಟೇ ಹೊಸದಾಗಿ ಕಂಡರೂ ಮತ್ತೆ ಕೊರಿಯರ್‌ಗೆ ಲಾಯಕ್ಕಲ್ಲ. ಹಳೇ ಬಟ್ಟೆ ತುಂಬಿಡಲು ಸಾಕು.

ರಟ್ಟಿನ ನಿಜವಾದ ಶತ್ರು ತೇವ. ಕಾಗದದ ನಾರುಗಳನ್ನು ಒಂದಕ್ಕೊಂದು ಹಿಡಿದಿಡುವುದು ಹೈಡ್ರೋಜನ್ ಬಂಧಗಳು. ಗಾಳಿಯಲ್ಲಿನ ನೀರಿನ ಅಣುಗಳು ನಡುವೆ ನುಸುಳಿದರೆ ಆ ಹಿಡಿತ ಸಡಿಲುತ್ತದೆ. ಸಾಪೇಕ್ಷ ಆರ್ದ್ರತೆ ಶೇ 50ರಿಂದ 90ಕ್ಕೆ ಏರಿದರೆ ಡಬ್ಬ ಭಾರ ತಡೆಯುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಮಂಗಳೂರು, ತೀರ್ಥಹಳ್ಳಿ ಕಡೆಯ ಮಳೆಗಾಲಕ್ಕೆ 90 ಏನೂ ದೊಡ್ಡ ಸಂಖ್ಯೆಯಲ್ಲ. ತಿಂಗಳುಗಟ್ಟಲೆ ಒಂದರ ಮೇಲೊಂದು ಪೇರಿಸಿಟ್ಟರೆ ಒಣ ರಟ್ಟೂ ಮೆಲ್ಲಗೆ ಕುಸಿಯುತ್ತದೆ. ಜೊತೆಗೆ, ಪದರಗಳನ್ನು ಅಂಟಿಸಿರುವುದು ಪಿಷ್ಟದ ಗಂಜಿಯಿಂದ. ಜಿರಳೆ, ಸಿಲ್ವರ್‌ಫಿಶ್‌ಗಳಿಗೆ ಅದು ಊಟ. ಗೆದ್ದಲಿಗಂತೂ ನಾರೇ ಊಟ. ನನ್ನ ಮಟ್ಟಿಗೆ ಅಟ್ಟವೇ ಎಲ್ಲಕ್ಕಿಂತ ಕೆಟ್ಟ ಜಾಗ. ಅಲ್ಲಿ ಸೇರಿದ ಡಬ್ಬ ಬಳಕೆಗೂ ಬಾರದೆ, ಕಾಗದದ ಕಾರ್ಖಾನೆಗೂ ಹೋಗದೆ ಕೆಡುತ್ತದೆ.

ಕಾರ್ಖಾನೆಗಳಿಗೋ ಅದು ಬೇಕೇ ಬೇಕು. ಭಾರತದ ಕಂದು ಕ್ರಾಫ್ಟ್ ಕಾಗದ ಬಹುಪಾಲು ರದ್ದಿಯಿಂದಲೇ ತಯಾರಾಗುತ್ತದೆ. ಪೈನ್, ಸ್ಪ್ರೂಸ್‌ನಂಥ ಮರಗಳ ಸುಮಾರು 3 ಮಿಲಿಮೀಟರ್ ಉದ್ದದ ನಾರು ನಮ್ಮಲ್ಲಿ ವಿರಳ. ಹಾಗಾಗಿ ಅಮೆರಿಕ, ಯುರೋಪಿನವರು ಬಿಸಾಡಿದ ಡಬ್ಬಗಳನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತೇವೆ! ಪ್ರತಿ ಸಲ ಅರೆದು ಒಣಗಿಸಿದಾಗಲೂ ನಾರು ತುಂಡಾಗುತ್ತದೆ, ಬಿರುಸಾಗುತ್ತದೆ, ಮೊದಲಿನಷ್ಟು ನೀರು ಹೀರಿ ಉಬ್ಬುವುದಿಲ್ಲ. ಒಂದು ನಾರು ಐದರಿಂದ ಏಳು ಸುತ್ತು ಬಾಳುತ್ತದೆ ಎಂಬುದು ರೂಢಿಯ ಅಂದಾಜು. ಅರೆಯಲು ನೀರು, ಒಣಗಿಸಲು ಶಾಖ ಬೇಕು. ಇದ್ದ ಹಾಗೇ ಇನ್ನೊಮ್ಮೆ ಬಳಸಿದರೆ ಅವೆರಡೂ ಬೇಡ.

ಆದ್ದರಿಂದ ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಡಬ್ಬ ಇರಲಿ. ವಾರಂಟಿಗೆ ಸಾಮಾನ್ಯವಾಗಿ ಬೇಕಾಗುವುದು ಬಿಲ್ಲು ಮತ್ತು ಸೀರಿಯಲ್ ನಂಬರ್, ಡಬ್ಬವಲ್ಲ. ಮೂಲೆ ಗಟ್ಟಿಯಿದ್ದರೆ ಬೇಗ ಇನ್ನೊಂದು ಪಾರ್ಸೆಲ್‌ಗೆ ಬಳಸಿ, ಇಲ್ಲವೇ ಮನೆ ಖಾಲಿ ಮಾಡುತ್ತಿರುವ ಪಕ್ಕದವರಿಗೆ ಕೊಡಿ. ಹಳೆಯ ಚೀಟಿ ಕಿತ್ತೇ ಕಳಿಸಬೇಕು: ಸ್ಕ್ಯಾನರ್ ಹಳೆ ಬಾರ್‌ಕೋಡ್ ಓದಿಬಿಟ್ಟರೆ ಪಾರ್ಸೆಲ್ ದಾರಿ ತಪ್ಪುತ್ತದೆ, ನಿಮ್ಮ ಫೋನ್ ನಂಬರೂ ಊರು ಸುತ್ತುತ್ತದೆ. ಉಳಿದದ್ದನ್ನು ಚಪ್ಪಟೆ ಮಾಡಿ, ಮಳೆಗೆ ನೆನೆಯದಂತೆ ರದ್ದಿಯವನಿಗೋ ಒಣಕಸದ ಗಾಡಿಗೋ ಕೊಡಿ. ಚೂರುಪಾರು ಟೇಪ್ ಇದ್ದರೆ ಕಾರ್ಖಾನೆಯ ಜರಡಿ ಸೋಸಿಕೊಳ್ಳುತ್ತದೆ. ಎಣ್ಣೆ ಕುಡಿದ ಪಿಜ್ಜಾ ಡಬ್ಬವನ್ನು ಮಾತ್ರ ಅದರ ಜೊತೆ ಸೇರಿಸಬೇಡಿ.

ಬಾಡಿಗೆ ಮನೆಯವರು ದೊಡ್ಡ ಟಿವಿಯ ಡಬ್ಬವನ್ನು ಥರ್ಮೋಕೋಲ್ ಅಚ್ಚಿನ ಸಮೇತ ಇಟ್ಟುಕೊಂಡರೆ ತಪ್ಪಿಲ್ಲ. ಅಷ್ಟು ತೆಳು ಗಾಜಿಗೆ ಹೊಂದುವ ಅಚ್ಚು ಬೇರೆಡೆ ಸಿಗುವುದು ಕಷ್ಟ. ಫ್ರಂಟ್‌ಲೋಡ್ ವಾಷಿಂಗ್ ಮೆಷಿನ್ ಕೊಂಡವರು ಡಬ್ಬವನ್ನು ಧಾರಾಳವಾಗಿ ಕೊಟ್ಟುಬಿಡಬಹುದು. ಅದರ ಬೆನ್ನಿನಿಂದ ಮೆಕ್ಯಾನಿಕ್ ಬಿಚ್ಚಿಕೊಡುವ ಟ್ರಾನ್ಸಿಟ್ ಬೋಲ್ಟುಗಳನ್ನು ಮಾತ್ರ ಜೋಪಾನವಾಗಿ ಎತ್ತಿಡಬೇಕು. ಸ್ಪ್ರಿಂಗಿನಲ್ಲಿ ತೂಗುವ ಡ್ರಮ್ಮು ಲಾರಿಯ ಕುಲುಕಾಟಕ್ಕೆ ಬಡಿದುಕೊಳ್ಳದಂತೆ ತಡೆಯುವುದು ಅವು, ರಟ್ಟಲ್ಲ.