ಹಲ್ಲಿಗೆ ಅರ, ಅರಿಷಡ್ವರ್ಗಕ್ಕೆ ಅಂಕುಶ

ಕೋರೆದಾಡೆ ಯಾರಿಗಿರುತ್ತದೆ? ರಾಕ್ಷಸರಿಗೆ ಎಂದು ಯಕ್ಷಗಾನ ನೋಡಿದ ಮಗುವೂ ಹೇಳೀತು. ಇಂಡೋನೇಷ್ಯದ ಬಾಲಿ ದ್ವೀಪದ ಹಿಂದೂಗಳ ಉತ್ತರವೂ ಇದೇ. ಆದರೆ ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಮನುಷ್ಯನ ಬಾಯಲ್ಲೂ ಆ ದಾಡೆಯ ಕುರುಹನ್ನು ಕಂಡು, ಅದನ್ನು ಉಜ್ಜಿ ಸಮಗೊಳಿಸುವುದನ್ನು ಒಂದು ಸಂಸ್ಕಾರವನ್ನಾಗಿಯೇ ಮಾಡಿಕೊಂಡರು. ಬಳಕೆಯ ಮಾತಿನಲ್ಲಿ ಅದು 'ಮೆತತಾಹ್'. ಗೌರವದ ಮಾತಿನಲ್ಲಿ 'ಮೆಪಂಡೆಸ್'.

ಉಜ್ಜುವುದು ಮೇಲ್ದವಡೆಯ ನಾಲ್ಕು ಬಾಚಿಹಲ್ಲು, ಅಕ್ಕಪಕ್ಕದ ಎರಡು ಕೋರೆಹಲ್ಲು, ಒಟ್ಟು 6. ಈ ಲೆಕ್ಕ ನಮಗೆ ಹೊಸದೇನಲ್ಲ. ಕಾಮ, ಕ್ರೋಧ, ಲೋಭ, ಮೋಹ, ಮದ, ಮತ್ಸರಗಳನ್ನು ನಾವು ಅರಿಷಡ್ವರ್ಗ ಎನ್ನುತ್ತೇವೆ. ಬಾಲಿಯವರು 'ಸಡ್ ರಿಪು' ಎನ್ನುತ್ತಾರೆ. ಹಲ್ಲುಗಳನ್ನು ಕೀಳುವುದಿಲ್ಲ, ಮೊನೆ ಮುರಿಯುತ್ತಾರೆ ಅಷ್ಟೆ. ಷಡ್ವೈರಿಗಳನ್ನು ಹತೋಟಿಯಲ್ಲಿಡಬಹುದೇ ಹೊರತು ನಿರ್ಮೂಲ ಮಾಡಲಾಗದೆಂಬ ವಿವೇಕ ಇದರಲ್ಲಿದೆ ಎನ್ನಬೇಕು.

ಹುಡುಗಿ ಮೈನೆರೆದ ಮೇಲೆ, ಹುಡುಗನ ದನಿ ಒಡೆದ ಮೇಲೆ, ಸಾಮಾನ್ಯವಾಗಿ ಮದುವೆಗೆ ಮುನ್ನ ಇದು ನಡೆಯುತ್ತದೆ. ಸಿಂಗರಿಸಿದ ಮಂಚದ ಮೇಲೆ ಮಲಗಿದವರ ಹಲ್ಲುಗಳ ನಡುವೆ ಕಬ್ಬಿನ ತುಂಡಿಟ್ಟು, 'ಸಂಗಿಂಗ್' ಎಂಬ ಪರಿಣತ ಅರದಿಂದ ಉಜ್ಜುತ್ತಾನೆ. ಉಗುಳನ್ನು ಎಳನೀರು ಬುರುಡೆಯಲ್ಲಿ ಹಿಡಿದು, ಬಳಿಕ ಮನೆಯ ಗುಡಿಯ ಹಿಂದೆ ಹೂಳುತ್ತಾರೆ. ಮಕ್ಕಳಿಗೆ ಇದನ್ನು ಮಾಡಿಸುವುದು ಹೆತ್ತವರ ಕರ್ತವ್ಯ. ಖರ್ಚೂ ಹೆಚ್ಚು. ನಮ್ಮಲ್ಲಿ ಮದುವೆಯ ಹಿಂದಿನ ದಿನ ಉಪನಯನ ಮುಗಿಸುವಂತೆ, ಅಲ್ಲಿಯೂ ಮದುವೆಯ ಜೊತೆಗೋ, ದಾಯಾದಿ ಮಕ್ಕಳಿಗೆಲ್ಲ ಒಟ್ಟಿಗೋ ಮುಗಿಸುವುದುಂಟು. ಸಂಸ್ಕಾರವಾಗದೆ ಸತ್ತವರಿಗೆ ದಹನಕ್ಕೆ ಮುನ್ನ ಸಾಂಕೇತಿಕವಾಗಿ ಮಾಡಿಸುವ ರೂಢಿಯೂ ಇದೆ.

ಹಲ್ಲುಜ್ಜುವ ಈ ಪದ್ಧತಿ ಭಾರತದಿಂದ ಹೋದದ್ದೆಂದು ಹೆಮ್ಮೆಪಡುವಂತಿಲ್ಲ. ಹಿಂದೂ ಧರ್ಮದ ನಂಟಿಲ್ಲದ ದ್ವೀಪಗಳಲ್ಲೂ ಹಲ್ಲಿನ ಆಕಾರ ಬದಲಿಸುವ ವಾಡಿಕೆ ಇತ್ತು. ಸುಮಾತ್ರದ ಪಶ್ಚಿಮಕ್ಕಿರುವ ಮೆಂತಾವೈ ದ್ವೀಪಗಳ ಹೆಂಗಸರು ಉಳಿಯಿಂದ ಹಲ್ಲುಗಳನ್ನು ಚೂಪು ಮಾಡಿಸಿಕೊಳ್ಳುತ್ತಿದ್ದರು. ಅಲ್ಲಿ ಮೊನೆಯೇ ಚೆಲುವು! ಹಳೆಯ ದ್ವೀಪಾಚಾರಕ್ಕೆ ಬಾಲಿಯಲ್ಲಿ ಸಂಸ್ಕೃತದ ಅರ್ಥ ಕೂಡಿಕೊಂಡಿತೆನ್ನುವುದೇ ಹೆಚ್ಚು ಸಂಭವನೀಯ.

ತೊಡಕಿರುವುದು ಎನಾಮಲ್ಲಿನಲ್ಲಿ. ಹಲ್ಲಿನ ಈ ಹೊರಕವಚ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಆದರೆ ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ಮೂಡುವಾಗಲೇ ನಾಶವಾಗುತ್ತವೆ. ಮುರಿದ ಮೂಳೆ ಕೂಡೀತು, ಸವೆದ ಎನಾಮಲ್ ಮತ್ತೆ ಬೆಳೆಯದು. ಉಜ್ಜುವಿಕೆ ಒಳಪದರ ತಲುಪಿದರೆ ಜುಮ್ಮೆನ್ನುವ ನೋವು ತಪ್ಪಿದ್ದಲ್ಲ. ಹೀಗಾಗಿ ಇಂದು ಹಲವು ಮನೆಗಳಲ್ಲಿ ಮಂತ್ರ, ಕಬ್ಬು, ಎಳನೀರು ಎಲ್ಲವೂ ಹಿಂದಿನಂತೆಯೇ ಇದ್ದರೂ ಅರ ಮಾತ್ರ ನಾಲ್ಕಾರು ಸಲ ಹಗುರವಾಗಿ ಆಡುತ್ತದೆ.