ಹೊರೆಯ ಸಮತೋಲನ

ಹಾಲು ಮಾರುವವನ ಸೈಕಲ್ಲನ್ನು ಕಾಣದವರು ವಿರಳ. ಹಿಂದಿನ ಚಕ್ರದ ಎರಡು ಪಕ್ಕಗಳಲ್ಲಿ ಸಮನಾಗಿ ತೂಗುವ ಕ್ಯಾನುಗಳನ್ನು ಹೊತ್ತು ಅದು ಕಿಕ್ಕಿರಿದ ಸಂತೆಬೀದಿಯಲ್ಲಿಯೂ ನಿರಾಯಾಸವಾಗಿ ಸಾಗುತ್ತದೆ. ಅದೇ ಭಾರವನ್ನು ಒಂದೇ ಮೂಟೆಯಾಗಿ ಕಟ್ಟಿ ಕ್ಯಾರಿಯರ್‌ನ ಮೇಲೆ ಎತ್ತರಕ್ಕೆ ಪೇರಿಸಿದರೆ ಸೈಕಲ್ಲು ಓಲಾಡತೊಡಗುತ್ತದೆ. ಹೊರೆ ಎಷ್ಟಿದೆ ಎಂಬುದರಷ್ಟೇ ಅದು ಎಲ್ಲಿದೆ ಎಂಬುದೂ ಮುಖ್ಯ.

ದೂರ ಪ್ರಯಾಣ ಮಾಡುವವರಿಗೆ ಈ ತಿಳಿವಳಿಕೆ ಅತ್ಯಗತ್ಯ. 1884ರಲ್ಲಿ ಸೈಕಲ್ಲಿನ ಮೇಲೆ ಲೋಕಸಂಚಾರಕ್ಕೆ ಹೊರಟ ಥಾಮಸ್ ಸ್ಟೀವನ್ಸ್ ತನ್ನೊಡನೆ ಒಯ್ದ ಸಾಮಾನು ಅತ್ಯಲ್ಪ. ಅವನ ಮಳೆಯಂಗಿಯೇ ಗುಡಾರವೂ ಆಗುತ್ತಿತ್ತು. 1923ರಲ್ಲಿ ಮುಂಬಯಿಯಿಂದ ಹೊರಟ ತರುಣರಲ್ಲಿ ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು ಜಗತ್ತನ್ನು ಸುತ್ತಿ 1928ರಲ್ಲಿ ಹಿಂದಿರುಗಿದರು. ಇಂಥ ಯಾತ್ರಿಕರಿಗೆ ಸೈಕಲ್ಲೇ ವಾಹನ, ಸೈಕಲ್ಲೇ ಉಗ್ರಾಣ.

ಸೈಕಲ್ಲು ಬೀಳದೆ ಚಲಿಸುವುದು ಹೇಗೆ? ಅದು ಎಡಕ್ಕೆ ವಾಲಿದಾಗ ಸವಾರನು ತನಗರಿವಿಲ್ಲದೆಯೇ ಹ್ಯಾಂಡಲನ್ನು ತುಸು ಎಡಕ್ಕೆ ತಿರುಗಿಸುತ್ತಾನೆ. ಆಗ ಚಕ್ರಗಳು ಮತ್ತೆ ಭಾರದ ಕೆಳಗೆ ಬಂದು ನಿಲ್ಲುತ್ತವೆ. ಈ ತಿದ್ದುಪಾಟು ಕ್ಷಣಕ್ಷಣವೂ ನಡೆಯುತ್ತಿರಬೇಕು. ಹ್ಯಾಂಡಲಿಗೆ ಭಾರವಾದ ಚೀಲವನ್ನು ಬಿಗಿದರೆ ಅದು ಹ್ಯಾಂಡಲಿನೊಡನೆ ತಾನೂ ತಿರುಗಬೇಕಾಗಿ, ತಿದ್ದುಪಾಟು ನಿಧಾನವಾಗುತ್ತದೆ. ಎತ್ತರದಲ್ಲಿ ಪೇರಿಸಿದ ಹೊರೆ ಚೌಕಟ್ಟನ್ನು ಅತ್ತಿತ್ತ ತಿರುಚುತ್ತದೆ. ಎಲ್ಲವನ್ನೂ ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಹೇರಿದರೆ ಮುಂದಿನ ಚಕ್ರ ಹಗುರವಾಗಿ, ಏರಿನಲ್ಲಿ ನೆಲದ ಹಿಡಿತವನ್ನೇ ಕಳೆದುಕೊಳ್ಳುತ್ತದೆ.

ಆದುದರಿಂದ ಅನುಭವಿಗಳು ಹೊರೆಯನ್ನು ಹಂಚುತ್ತಾರೆ. ಇಪ್ಪತ್ತು ಕಿಲೋಗ್ರಾಂ ಸಾಮಾನಿದ್ದರೆ ಸುಮಾರು ಹನ್ನೆರಡು ಕಿಲೋ ಹಿಂದೆ, ಎಂಟು ಕಿಲೋ ಮುಂದೆ ಇರುವುದು ಒಂದು ವಾಡಿಕೆಯ ಪ್ರಮಾಣ. ಹಿಂದೆ ಆರಾರು, ಮುಂದೆ ನಾಲ್ಕು ನಾಲ್ಕು ಕಿಲೋಗಳಂತೆ ಎಡಬಲಗಳಲ್ಲಿ ಸಮನಾದ ಚೀಲಗಳು ತೂಗಬೇಕು. ಮುಂದಿನ ಚೀಲಗಳು ಅಚ್ಚಿನ ಮಟ್ಟಕ್ಕೆ ಸಮೀಪವಾಗಿ ತಗ್ಗಿನಲ್ಲಿದ್ದರೆ ಒಳಿತು. ಉಪಕರಣ, ಒಲೆ, ಅಕ್ಕಿ ಮೊದಲಾದ ಭಾರದ ವಸ್ತುಗಳು ಚೀಲದ ತಳದಲ್ಲಿ, ಚಕ್ರಕ್ಕೆ ಹತ್ತಿರವಾಗಿರಬೇಕು, ಬಟ್ಟೆಬರೆ ಮೇಲಿರಬಹುದು. ಹ್ಯಾಂಡಲಿನ ಚೀಲಕ್ಕೆ ನಕ್ಷೆ, ಹಣ ಇವಷ್ಟೇ ಸಾಕು. ಪೆಡಲು ತುಳಿಯುವಾಗ ಹಿಮ್ಮಡಿ ಚೀಲಕ್ಕೆ ತಾಗಬಾರದು. ಕಟ್ಟಿದ ಹಗ್ಗದ ತುದಿ ಜೋಲಾಡಬಾರದು. ಅದು ಚಕ್ರದ ಕಡ್ಡಿಗಳಿಗೆ ಸಿಕ್ಕಿದರೆ ಸವಾರನು ಮುಗ್ಗರಿಸುವುದು ಖಂಡಿತ.

ಬಯಲಿನಲ್ಲಿ ಕೇವಲ ಕಿರಿಕಿರಿಯೆನಿಸುವ ಓಲಾಟ ಘಾಟಿಯ ಇಳಿಜಾರಿನಲ್ಲಿ ಪ್ರಾಣಾಂತಿಕವಾಗಬಲ್ಲದು. ಆಗುಂಬೆಯಂಥ ಘಾಟಿಯ ತಿರುವುಗಳಲ್ಲಿ ಹೊರೆ ಸೈಕಲ್ಲನ್ನು ಮುಂದಕ್ಕೆ ನೂಕುತ್ತದೆ. ಬ್ರೇಕು ಹಿಡಿದರೂ ಅದು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಅಲ್ಲಿ ಹ್ಯಾಂಡಲು ನಡುಗಿದರೆ ತಿದ್ದಿಕೊಳ್ಳಲು ಸಮಯವೂ ಇಲ್ಲ, ಸ್ಥಳವೂ ಇಲ್ಲ. ಆದ್ದರಿಂದ ವಿವೇಕಿಯಾದ ಪ್ರವಾಸಿಯು ಹೊರಡುವ ಮುನ್ನವೇ ಸಮಸ್ತ ಸಾಮಾನನ್ನೂ ಹೇರಿ, ಊರ ಸಮೀಪದ ಸಮತಟ್ಟಾದ ರಸ್ತೆಯಲ್ಲಿ ಕೆಲವು ಕಿಲೋಮೀಟರು ಸವಾರಿ ಮಾಡಿ ನೋಡುತ್ತಾನೆ. ಓಲಾಟ ಕಂಡರೆ ಇಳಿದು, ಬಿಚ್ಚಿ, ಮತ್ತೆ ಕಟ್ಟುತ್ತಾನೆ; ಅನಗತ್ಯವೆಂದು ತೋರಿದುದನ್ನು ಮನೆಯಲ್ಲಿಯೇ ಉಳಿಸುತ್ತಾನೆ.