ಕಂಪ್ಯೂಟರಿಗೆ ಒಪ್ಪುವ ಬ್ಯಾಟರಿ: ಕೊಳ್ಳುವ ಮುನ್ನ ಲೆಕ್ಕ ಹಾಕಿರಿ



ಕಂಪ್ಯೂಟರು ಈಗ ಪಟ್ಟಣದವರ ಸೊತ್ತಾಗಿ ಮಾತ್ರ ಉಳಿದಿಲ್ಲ. ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯಲ್ಲಿ ನಮ್ಮ ಪಹಣಿಗಳು ಕಂಪ್ಯೂಟರಿಗೆ ಬಂದವು. ಇಂದು ಗ್ರಾಮ ಪಂಚಾಯಿತಿ, ಶಾಲೆ, ಸಹಕಾರ ಸಂಘ, ಹಾಲಿನ ಡೇರಿ ಇವುಗಳ ಕೆಲಸವೂ ಬಹುಮಟ್ಟಿಗೆ ಅದರಲ್ಲಿಯೇ ನಡೆಯುತ್ತಿದೆ. ಪಂಪ್‌ಸೆಟ್ಟುಗಳ ಲೈನನ್ನು ಊರಿನ ಲೈನಿನಿಂದ ಬೇರ್ಪಡಿಸುವ ನಿರಂತರ ಜ್ಯೋತಿ ಯೋಜನೆಯಿಂದ ಅನೇಕ ಹಳ್ಳಿಗಳಲ್ಲಿ ಕರೆಂಟಿನ ಕಷ್ಟ ಕಡಿಮೆಯಾಗಿದೆ. ಆದರೂ ಗಾಳಿಮಳೆಗೆ ತಂತಿ ಕಡಿದರೆ, ಟ್ರಾನ್ಸ್‌ಫಾರ್ಮರು ಸುಟ್ಟರೆ ಕತ್ತಲೆ ತಪ್ಪಿದ್ದಲ್ಲ.

ಕತ್ತಲೆಯಾದರೆ ದೀಪ ಹಚ್ಚಿಕೊಳ್ಳಬಹುದು. ಆದರೆ ಕಂಪ್ಯೂಟರಿನೊಳಗಿನ ಲೆಕ್ಕದ ಗತಿ ಏನು? ಬೆಳಿಗ್ಗೆ ಡೇರಿಯಲ್ಲಿ ಹಾಲು ಅಳೆಯುತ್ತಿರುವಾಗ ಕರೆಂಟು ಹೋಯಿತೆನ್ನಿ. ಯಂತ್ರವು ಬರೆಯುತ್ತಿದ್ದ ಸಾಲು ಅರ್ಧಕ್ಕೆ ನಿಲ್ಲುತ್ತದೆ. ಕೆಲವು ವೇಳೆ ಆ ಸಾಲು ಮಾತ್ರವಲ್ಲ, ಲೆಕ್ಕದ ಕಡತವೇ ಕೆಡುವುದುಂಟು. ಆಗ ಯಾರ ಹಾಲು ಎಷ್ಟು ಲೀಟರು, ಫ್ಯಾಟು ಎಷ್ಟು ಎಂಬುದಕ್ಕೆ ಆಧಾರವಿಲ್ಲದೆ ಬಟವಾಡೆಯ ದಿನ ಜಗಳಕ್ಕೆ ದಾರಿಯಾಗುತ್ತದೆ. ಕರೆಂಟು ಹೋದೊಡನೆ ಬ್ಯಾಟರಿಯಿಂದ ವಿದ್ಯುತ್ತು ಒದಗಿಸಿ ಇದನ್ನು ತಪ್ಪಿಸುವ ಸಾಧನವೇ ಯು.ಪಿ.ಎಸ್. ಅದನ್ನು ಆರಿಸುವ ಕ್ರಮವನ್ನು ಇಲ್ಲಿ ತಿಳಿಸಿದೆ.

ಎರಡು ಬಗೆಯ ಕೆಲಸ

ಬ್ಯಾಟರಿಯಿಂದ ನಾವು ಬಯಸುವ ಕೆಲಸ ಎರಡು ಬಗೆ. ಒಂದು, ಕಂಪ್ಯೂಟರು ಥಟ್ಟನೆ ಆರಿಹೋಗದಂತೆ ತಡೆದು, ಲೆಕ್ಕವನ್ನು ಭದ್ರಪಡಿಸಿ ಕ್ರಮವಾಗಿ ಮುಚ್ಚಲು ಐದು ಹತ್ತು ನಿಮಿಷ ಕೊಡುವುದು. ಎರಡು, ಕರೆಂಟು ಇಲ್ಲದಿದ್ದರೂ ಗಂಟೆಗಟ್ಟಲೆ ಕೆಲಸ ಮುಂದುವರಿಸುವುದು. ಮೊದಲನೆಯದಕ್ಕೆ ಮೇಜಿನ ಕೆಳಗಿಡುವ ಸಣ್ಣ ಯು.ಪಿ.ಎಸ್. ಸಾಕು. ಎರಡನೆಯದಕ್ಕೆ ದೊಡ್ಡ ಬ್ಯಾಟರಿಯೇ ಬೇಕು. ಹಣ ವ್ಯರ್ಥವಾಗುವುದು ಈ ಎರಡನ್ನು ಬೆರೆಸಿದಾಗಲೇ. ಆದಕಾರಣ ನಮಗೆ ಯಾವ ಕೆಲಸ ಆಗಬೇಕು ಎಂಬುದನ್ನು ಪೇಟೆಗೆ ಹೋಗುವ ಮುನ್ನವೇ ನಿಶ್ಚಯಿಸಿಕೊಳ್ಳಿರಿ.

ಹೊರೆಯ ಲೆಕ್ಕ

ಗಾಡಿಗೆ ಎಷ್ಟು ಹೊರೆ ಎಂದು ತಿಳಿಯದೆ ಯಾರೂ ಎತ್ತು ಕಟ್ಟುವುದಿಲ್ಲ. ಹಾಗೆಯೇ ಯು.ಪಿ.ಎಸ್.ಗೆ ಯಾವ ಯಾವ ಯಂತ್ರಗಳನ್ನು ಜೋಡಿಸುತ್ತೀರೋ ಅವುಗಳ ಹಿಂಬದಿಯ ಚೀಟಿಯಲ್ಲಿ ಬರೆದಿರುವ ವ್ಯಾಟುಗಳನ್ನು ಕೂಡಿಸಬೇಕು. ಡೇರಿಯೊಂದರಲ್ಲಿ ಕಂಪ್ಯೂಟರಿಗೆ ೮೦, ಪರದೆಗೆ ೨೦, ಹಾಲು ಪರೀಕ್ಷೆಯ ಯಂತ್ರಕ್ಕೆ ೩೦, ತೂಕದ ಯಂತ್ರಕ್ಕೆ ೧೦, ಚೀಟಿ ಮುದ್ರಿಸುವ ಯಂತ್ರಕ್ಕೆ ೩೦ ವ್ಯಾಟು ಎಂದಿಟ್ಟುಕೊಳ್ಳೋಣ. ಒಟ್ಟು ೧೭೦ ವ್ಯಾಟು. ಇದಕ್ಕೆ ಕಾಲು ಪಾಲು ಸೇರಿಸಿದರೆ ಸುಮಾರು ೨೧೫ ವ್ಯಾಟು. ಯು.ಪಿ.ಎಸ್.ನ ಶಕ್ತಿ ಇದಕ್ಕಿಂತ ಕಡಿಮೆಯಿರಬಾರದು.

ಇಲ್ಲೊಂದು ಎಚ್ಚರಿಕೆ ಅಗತ್ಯ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ೬೦೦, ೧೦೦೦ ಎಂಬ ಅಂಕಿಗಳು ವ್ಯಾಟುಗಳಲ್ಲ, ವಿ.ಎ. ಎಂಬ ಬೇರೆ ಅಳತೆ. ಸಾಮಾನ್ಯವಾಗಿ ೬೦೦ ವಿ.ಎ. ಯು.ಪಿ.ಎಸ್. ಸುಮಾರು ೩೬೦ ವ್ಯಾಟನ್ನು ಮಾತ್ರ ಹೊರಬಲ್ಲುದು. ವ್ಯಾಟು ಎಷ್ಟೆಂದು ಕೇಳಿಯೇ ಕೊಳ್ಳಿರಿ. ಲೇಸರ್ ಪ್ರಿಂಟರು ಕಾಯುವಾಗ ನೂರಾರು ವ್ಯಾಟು ಎಳೆಯುವುದರಿಂದ ಅದನ್ನು ಯು.ಪಿ.ಎಸ್.ಗೆ ಎಂದಿಗೂ ಜೋಡಿಸಕೂಡದು.

ಬ್ಯಾಟರಿಯ ಲೆಕ್ಕ

ಹೊರೆ ಹೊರುವುದು ಒಂದು ಮಾತು, ಎಷ್ಟು ದೂರ ಹೊರುವುದು ಎಂಬುದು ಇನ್ನೊಂದು. ಸಣ್ಣ ಯು.ಪಿ.ಎಸ್.ನಲ್ಲಿ ಸಾಮಾನ್ಯವಾಗಿ ಇರುವುದು ೧೨ ವೋಲ್ಟಿನ, ೭ ಆಂಪಿಯರ್-ಗಂಟೆಯ ಒಂದೇ ಬ್ಯಾಟರಿ. ಎರಡನ್ನೂ ಗುಣಿಸಿದರೆ ೮೪ ವ್ಯಾಟ್-ಗಂಟೆ. ೧೭೦ ವ್ಯಾಟಿನ ಹೊರೆಗೆ ಅರ್ಧ ಗಂಟೆ ಬರಬೇಕೆಂದು ಲೆಕ್ಕ ಹೇಳುತ್ತದೆ. ಆದರೆ ಸಣ್ಣ ಬ್ಯಾಟರಿಯಿಂದ ಒಮ್ಮೆಗೇ ಹೆಚ್ಚು ಎಳೆದರೆ ಅದು ಪೂರ್ತಿ ಕೊಡುವುದಿಲ್ಲ. ಹೊಸದರಲ್ಲಿ ಹತ್ತು ನಿಮಿಷದ ಆಸುಪಾಸು ಬಂದೀತು, ಹಳೆಯದಾದಂತೆ ಅದೂ ಕುಗ್ಗುತ್ತದೆ. ಲೆಕ್ಕ ಉಳಿಸಿಕೊಳ್ಳಲು ಇಷ್ಟು ಸಾಕು, ಹಾಲು ಅಳೆದು ಮುಗಿಸಲು ಸಾಲದು.

ಎರಡು ಗಂಟೆ ಕೆಲಸ ನಡೆಯಬೇಕಾದರೆ ಏನು ಮಾಡಬೇಕು? ವ್ಯಾಟನ್ನು ಗಂಟೆಯಿಂದ ಗುಣಿಸಿರಿ: ೧೭೦ × ೨ = ೩೪೦. ದಾರಿಯಲ್ಲಿ ಆಗುವ ನಷ್ಟಕ್ಕಾಗಿಯೂ, ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಬಾರದೆಂಬ ಕಾರಣಕ್ಕಾಗಿಯೂ ಅದನ್ನು ಎರಡೂವರೆ ಪಟ್ಟು ಮಾಡಿದರೆ ೮೫೦. ಇದನ್ನು ೧೨ರಿಂದ ಭಾಗಿಸಿದರೆ ಸುಮಾರು ೭೧. ಅಂದರೆ ೧೨ ವೋಲ್ಟಿನ, ೧೦೦ ಆಂಪಿಯರ್-ಗಂಟೆಯ ಬ್ಯಾಟರಿಯೊಂದು ಈ ಡೇರಿಗೆ ಸಾಕು. ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿಕೊಳ್ಳಬಹುದು.

ಇಷ್ಟು ದೊಡ್ಡ ಬ್ಯಾಟರಿಯನ್ನು ಮನೆಗಳಲ್ಲಿ ಬಳಸುವಂಥ ಇನ್ವರ್ಟರಿಗೆ ಜೋಡಿಸುವುದು ವಾಡಿಕೆ. ಆದರೆ ಎಲ್ಲ ಇನ್ವರ್ಟರೂ ಕಂಪ್ಯೂಟರಿಗೆ ಒಪ್ಪುವುದಿಲ್ಲ. ಕರೆಂಟಿನ ಕೊರತೆಯನ್ನು ಕಂಪ್ಯೂಟರು ತಾಳಿಕೊಳ್ಳುವುದು ಸುಮಾರು ಸೆಕೆಂಡಿನ ೬೦ನೆಯ ಒಂದು ಭಾಗದಷ್ಟು ಹೊತ್ತು ಮಾತ್ರ. ಫ್ಯಾನು, ದೀಪಗಳಿಗಾಗಿ ನಿಧಾನವಾಗಿ ಬದಲಾಗುವ ಇನ್ವರ್ಟರು ಅಷ್ಟರೊಳಗೆ ಬರಲಾರದು. ಆದುದರಿಂದ ‘ಸೈನ್ ವೇವ್’ ಜಾತಿಯದನ್ನೇ ಕೇಳಿ, ಅದರಲ್ಲಿ ‘ಯು.ಪಿ.ಎಸ್.’ ಎಂಬ ಸ್ವಿಚ್ಚು ಇದೆಯೇ ಎಂದು ನೋಡಿ, ಕಂಪ್ಯೂಟರಿಗಾಗಿ ಅದನ್ನು ಆ ಕಡೆಗೇ ಇಡಬೇಕು.

ಬರೀ ಅರ್ಜಿ ತುಂಬುವ, ಪಹಣಿ ನೋಡುವ ಕೆಲಸವಿದ್ದವರಿಗೆ ಲ್ಯಾಪ್‌ಟಾಪ್ ಅನುಕೂಲ. ಅದರೊಳಗೇ ಬ್ಯಾಟರಿ ಇರುತ್ತದೆ. ಆದರೆ ಇಂಟರ್‌ನೆಟ್ಟಿನ ಪೆಟ್ಟಿಗೆ ಆರಿದರೆ ಕೆಲಸ ನಿಂತಂತೆಯೇ. ಅದಕ್ಕೆಂದೇ ದೊರೆಯುವ ಪುಟ್ಟ ಯು.ಪಿ.ಎಸ್. ಒಂದನ್ನು ಜೋಡಿಸಿಕೊಳ್ಳಿರಿ.

ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳು

ಎತ್ತು ಕೊಳ್ಳುವಾಗ ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನಡೆಸಿ ನೋಡುತ್ತೀರಿ. ಇಲ್ಲಿಯೂ ಅಷ್ಟೇ ನಿಷ್ಠುರವಾಗಿರಿ.

೧. ವ್ಯಾಟು ಎಷ್ಟು? ನನ್ನ ಹೊರೆಗೆ ಎಷ್ಟು ನಿಮಿಷ ಬರುತ್ತದೆ?

೨. ವೋಲ್ಟೇಜು ಇಳಿದಾಗ, ಏರಿದಾಗ ತಾನೇ ಸರಿಪಡಿಸುತ್ತದೆಯೇ? ೨೩೦ ಇರಬೇಕಾದ ವೋಲ್ಟೇಜು ಹಳ್ಳಿಯಲ್ಲಿ ಬಹಳ ಇಳಿಯುವುದುಂಟು. ಕಡಿಮೆ ಬೆಲೆಯ ‘ಆಫ್‌ಲೈನ್’ ಜಾತಿಯದು ಇದನ್ನು ಸರಿಪಡಿಸದೆ ಮತ್ತೆ ಮತ್ತೆ ಬ್ಯಾಟರಿಯನ್ನೇ ಎಳೆದು ಸವೆಸುತ್ತದೆ. ‘ಲೈನ್ ಇಂಟರಾಕ್ಟಿವ್’ ಜಾತಿಯದು ನಮಗೆ ತಕ್ಕದ್ದು. ‘ಆನ್‌ಲೈನ್’ ಎಂಬುದು ಎಲ್ಲಕ್ಕಿಂತ ಉತ್ತಮವಾದರೂ ಬೆಲೆ ಹೆಚ್ಚು.

೩. ಭಾರತೀಯ ಮಾನಕ ಬ್ಯೂರೋದ ನೋಂದಣಿ ಗುರುತು, ಐ.ಎಸ್. ೧೬೨೪೨ ಎಂಬ ಸಂಖ್ಯೆ ಇದೆಯೇ?

೪. ಬ್ಯಾಟರಿ ತಯಾರಾದ ತಿಂಗಳು ಯಾವುದು? ಅಂಗಡಿಯಲ್ಲಿ ಬಹುಕಾಲ ಕುಳಿತ ಬ್ಯಾಟರಿ ಹಳೆಯ ಬೀಜದಂತೆ, ಹೊರಗೆ ಚೆನ್ನಾಗಿ ಕಂಡರೂ ಒಳಗೆ ಸತ್ವವಿರುವುದಿಲ್ಲ.

೫. ಬ್ಯಾಟರಿಗೆ ವಾರಂಟಿ ಎಷ್ಟು ವರ್ಷ? ಕೆಟ್ಟರೆ ನಮ್ಮ ತಾಲ್ಲೂಕಿನಲ್ಲಿಯೇ ರಿಪೇರಿಯಾಗುತ್ತದೆಯೇ? ರಸೀದಿಯನ್ನೂ ದಿನಾಂಕ ಹಾಕಿಸಿದ ವಾರಂಟಿ ಚೀಟಿಯನ್ನೂ ತಪ್ಪದೆ ಪಡೆಯಿರಿ.

ತಂದ ಮೇಲೆ

ಮೊಟ್ಟಮೊದಲು ಎಂಟು ಹತ್ತು ಗಂಟೆ ಚಾರ್ಜು ಮಾಡಿರಿ. ಮೂರು ಪಿನ್ನಿನ ಪ್ಲಗ್ಗಿನ ಮೇಲಿನ ಪಿನ್ನನ್ನು ಕಿತ್ತು ಹಾಕಬಾರದು, ಅದು ಅರ್ಥಿಂಗಿನದು. ಅರ್ಥಿಂಗ್ ಸರಿಯಿದೆಯೇ ಎಂದು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನರಿಂದ ನೋಡಿಸಿ, ಬೇಸಿಗೆಯಲ್ಲಿ ಅದರ ಗುಂಡಿಗೆ ನೀರು ಹಾಕುತ್ತಿರಬೇಕು.

ಬ್ಯಾಟರಿಗೆ ಸೆಕೆ ದೊಡ್ಡ ಶತ್ರು. ೨೫ ಡಿಗ್ರಿಗಿಂತ ಸುಮಾರು ೧೦ ಡಿಗ್ರಿ ಹೆಚ್ಚು ಸೆಕೆಯಲ್ಲಿಯೇ ಸದಾ ಇದ್ದರೆ ಅದರ ಆಯುಸ್ಸು ಅರ್ಧಕ್ಕೆ ಇಳಿಯುತ್ತದೆ. ತಗಡಿನ ಮಾಡಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯ ಬಳಿ ಇಡಬೇಡಿರಿ. ನೀರು ಹಾಕುವ ಟ್ಯೂಬುಲರ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ವಾಟರನ್ನೇ ಹಾಕತಕ್ಕದ್ದು, ಬೋರ್‌ವೆಲ್ ನೀರು ಕೂಡದು. ಚಾರ್ಜಾಗುವಾಗ ಅದರಿಂದ ಹೊತ್ತಿಕೊಳ್ಳುವ ಅನಿಲ ಬರುವುದರಿಂದ ಗಾಳಿಯಾಡುವ ಕಡೆ ಇರಿಸಿ, ಬೀಡಿ, ಬೆಂಕಿಕಡ್ಡಿಗಳನ್ನು ದೂರವಿಡಿರಿ.

ಸತ್ತ ಬ್ಯಾಟರಿಯನ್ನು ಗುಜರಿಯವನಿಗೆ ಕೊಡಬಾರದು, ಒಡೆಯಲೂಬಾರದು. ಅದರೊಳಗಿನ ಸೀಸವು ವಿಷ, ಮಕ್ಕಳಿಗಂತೂ ಬಹಳ ಕೆಡುಕು. ೨೦೨೨ರ ಬ್ಯಾಟರಿ ತ್ಯಾಜ್ಯ ನಿಯಮಗಳಂತೆ ಹಳೆಯ ಬ್ಯಾಟರಿಗಳು ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಹಿಂದಿರುಗಿಸಿದರೆ ಬೆಲೆಯಲ್ಲಿ ಸ್ವಲ್ಪ ರಿಯಾಯಿತಿಯೂ ದೊರೆಯಬಹುದು.

ತಿಂಗಳಿಗೊಮ್ಮೆ ಪರೀಕ್ಷೆ

ತಿಂಗಳಿಗೊಮ್ಮೆ ಬಿಡುವಿನ ವೇಳೆ, ಲೆಕ್ಕವನ್ನೆಲ್ಲ ಉಳಿಸಿ ಬದಿಗಿಟ್ಟು, ಕಂಪ್ಯೂಟರು ನಡೆಯುತ್ತಿರುವಾಗಲೇ ಗೋಡೆಯ ಸ್ವಿಚ್ಚು ಆರಿಸಿರಿ. ಕಂಪ್ಯೂಟರು ನಿಂತುಹೋಯಿತೇ? ನಡೆದರೆ ಎಷ್ಟು ನಿಮಿಷ ನಡೆಯಿತು? ಬ್ಯಾಟರಿ ಪೂರ್ತಿ ಬರಿದಾಗುವ ಮೊದಲೇ ಸ್ವಿಚ್ಚು ಹಾಕಿ, ದಿನಾಂಕದೊಡನೆ ಗೋಡೆಯ ಮೇಲಿನ ಚೀಟಿಯಲ್ಲಿ ಬರೆದಿಡಿರಿ. ಮೊದಲಿನ ಹೊತ್ತಿನ ಅರ್ಧಕ್ಕೆ ಇಳಿದರೆ ಬ್ಯಾಟರಿ ಬದಲಿಸುವ ಕಾಲ ಬಂದಿತೆಂದೇ ತಿಳಿಯಿರಿ. ಯು.ಪಿ.ಎಸ್.ನ ಸಣ್ಣ ಬ್ಯಾಟರಿಯ ಬಾಳಿಕೆ ಎರಡು ಮೂರು ವರ್ಷ ಮಾತ್ರ. ಆ ಖರ್ಚನ್ನು ಸಂಘದ ಆಯವ್ಯಯದಲ್ಲಿ ಮೊದಲೇ ತೋರಿಸಿಕೊಳ್ಳುವುದು ಮೇಲು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮಗೆ ಹೊಸದಲ್ಲ. ಡೇರಿಯ ಕಂಪ್ಯೂಟರಿನಲ್ಲಿರುವುದು ಕಾರ್ಯದರ್ಶಿಯ ಲೆಕ್ಕವಲ್ಲ, ಹಾಲು ಹಾಕಿದ ನಮ್ಮ ನಿಮ್ಮೆಲ್ಲರ ದುಡಿಮೆಯ ಲೆಕ್ಕ. ಮುಂದಿನ ಸಭೆಯಲ್ಲಿ ಈ ಎರಡು ಪ್ರಶ್ನೆಗಳನ್ನು ಕೇಳಿರಿ: ನಮ್ಮ ಯಂತ್ರಗಳಿಗೆ ಒಟ್ಟು ಎಷ್ಟು ವ್ಯಾಟು ಬೇಕು? ಕರೆಂಟು ಹೋದರೆ ನಮ್ಮ ಬ್ಯಾಟರಿ ಎಷ್ಟು ನಿಮಿಷ ನಿಲ್ಲುತ್ತದೆ? ಉತ್ತರ ಸಿಗದಿದ್ದರೆ ಅಂದೇ ಕುಳಿತು ಲೆಕ್ಕ ಹಾಕಿರಿ.